ಮಾರ್ಬಲ್ ಮೇಲೆ ಟಾಯ್ಲೆಟ್ ಕ್ಲೀನರ್ ಹಾಕಿ ಮಿಂಚು ಹೋಗಿದೆ, ಸರಿ ಮಾಡಬಹುದಾ?

ಮುಲುಂಡ್_ಮನೆ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಬಿಳಿ ಮಾರ್ಬಲ್ ಹಾಕಿಸಿದ್ದು ನಮ್ಮ ಮಾವ, 1998ರಲ್ಲಿ. ರಾಜಸ್ಥಾನದ ಮಕ್ರಾನಾ ಕಲ್ಲು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅವರು ಈಗಿಲ್ಲ. ಅಡುಗೆಮನೆ ಬಾಗಿಲ ಹತ್ತಿರ ಗ್ಯಾಸ್ ಸಿಲಿಂಡರ್ ಇಟ್ಟೂ ಇಟ್ಟೂ ಬಳೆಯ ಹಾಗೆ ತುಕ್ಕಿನ ಕಲೆ ಬಿದ್ದಿತ್ತು. ಗೌರಿ ಹಬ್ಬಕ್ಕೆ ಊರಿಂದ ಅತ್ತಿಗೆ ಬರುತ್ತಾರೆ, ಅಷ್ಟರೊಳಗೆ ತೆಗೆಯೋಣ ಎಂದು ಟಾಯ್ಲೆಟ್ ಕ್ಲೀನರ್ ಸುರಿದೆ. ಸುರ್ ಎಂದು ನೊರೆ ಬಂತು. ಕೊಳೆ ಬಿಡುತ್ತಿದೆ ಅಂದುಕೊಂಡು ಹತ್ತು ನಿಮಿಷ ಹಾಗೇ ಬಿಟ್ಟೆ.

ತೊಳೆದು ನೋಡಿದರೆ ತುಕ್ಕು ಅರ್ಧ ಹೋಗಿದೆ. ಆದರೆ ಊಟದ ತಟ್ಟೆಯಷ್ಟು ಅಗಲ ಜಾಗ ಮಂಕಾಗಿದೆ. ಮುಟ್ಟಿದರೆ ಕೈಗೆ ತರಿತರಿ ಹತ್ತುತ್ತದೆ. ಗಾಬರಿಯಲ್ಲಿ ನಿಂಬೆಹಣ್ಣು ಬೇರೆ ಉಜ್ಜಿದೆ. ಇನ್ನೂ ಜಾಸ್ತಿ ಆಯಿತು. ಒಬ್ಬ ಪಾಲಿಶ್‌ನವನನ್ನು ಕೇಳಿದೆ. ಪೂರ್ತಿ ಮನೆ ಮಾಡಿಸಿದರೆ ಮಾತ್ರ ಬರುತ್ತೇನೆ, ಚದರಡಿಗೆ 60 ರೂಪಾಯಿ ಅಂದ. ಬರೀ ಅಷ್ಟು ಜಾಗ ಸರಿ ಮಾಡಲು ಆಗುವುದಿಲ್ಲವಾ?

ಡೊಂಬಿವಲಿ_ಅಕ್ಕ
ಅಡುಗೆ ಸೋಡಾ ನೀರಿನಲ್ಲಿ ಕಲಸಿ ಹಚ್ಚಿ, ರಾತ್ರಿಯಿಡೀ ಬಿಡಿ. ನಮ್ಮ ಪಕ್ಕದ ಮನೆಯಲ್ಲಿ ಹಾಗೇ ಮಾಡಿದ್ದರು.

ಕೋಥ್ರೂಡ್_ಮೇಷ್ಟ್ರು
ಅಕ್ಕಾ, ಸೋಡಾ ಕೆಲಸ ಮಾಡುವುದು ಆ್ಯಸಿಡ್ ಇನ್ನೂ ನೆಲದ ಮೇಲೆ ಇರುವಾಗ. ಮೂರು ದಿನ ಆದ ಮೇಲೆ ಅಲ್ಲಿ ಆ್ಯಸಿಡ್ಡೇ ಇಲ್ಲ, ಸೋಡಾ ಯಾರ ಜತೆ ಜಗಳ ಆಡಬೇಕು?

ಮುಲುಂಡ್ ಮೇಡಂ, ನಾನು ಮೂವತ್ತೊಂದು ವರ್ಷ ಕೆಮಿಸ್ಟ್ರಿ ಕಲಿಸಿದವನು. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಚಿಪ್ಪೂ ಅದೇ, ಸುಣ್ಣದ ಕಲ್ಲೂ ಅದೇ. ಟಾಯ್ಲೆಟ್ ಕ್ಲೀನರ್‌ನಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆ್ಯಸಿಡ್, ಸುಮಾರು 10%. ಎರಡೂ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಏಳುತ್ತದೆ. ನೀವು ನೋಡಿದ ನೊರೆ ಕೊಳೆಯದಲ್ಲ, ಕಲ್ಲೇ ಕರಗುತ್ತಿದ್ದದ್ದು. ಅಂದರೆ ಈಗ ಅಲ್ಲಿರುವುದು ಕಲೆ ಅಲ್ಲ, ಗಾಯ. ಕಲೆಯಾದರೆ ತೊಳೆದು ತೆಗೆಯಬಹುದು. ಇದನ್ನು ಉಜ್ಜಿ ಸಮ ಮಾಡಬೇಕು, ಬೇರೆ ದಾರಿ ಇಲ್ಲ.

ಒಂದು ಪರೀಕ್ಷೆ ಮಾಡಿ. ಆ ಜಾಗಕ್ಕೆ ನೀರು ಹಾಕಿ. ಒದ್ದೆ ಇರುವಾಗ ಮಂಕು ಕಾಣದೆ, ಒಣಗಿದ ಮೇಲೆ ಮತ್ತೆ ಕಂಡರೆ ಬರೀ ಮೇಲ್ಮೈ ಹಾಳಾಗಿದೆ ಎಂದು ಅರ್ಥ. ಒದ್ದೆಯಲ್ಲೂ ಬಣ್ಣ ಕಂಡರೆ ಒಳಗೆ ಕಲೆ ಇಳಿದಿದೆ.

ಮುಲುಂಡ್_ಮನೆ
ಮೇಷ್ಟ್ರೇ, ಈಗಲೇ ಮಾಡಿ ನೋಡಿದೆ. ನೀರು ಹಾಕಿದಾಗ ಮಂಕು ಪೂರ್ತಿ ಮಾಯ. ಆದರೆ ತುಕ್ಕಿನ ಬಳೆ ತೆಳು ಹಳದಿಯಾಗಿ ಒದ್ದೆಯಲ್ಲೂ ಕಾಣುತ್ತದೆ. ಅಂದರೆ ಎರಡೂ ಇದೆ ಅಲ್ವಾ?

ಕೋಥ್ರೂಡ್_ಮೇಷ್ಟ್ರು
ಹೌದು, ಎರಡೂ ಇದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಠಾಣೆ_ಇಂಟೀರಿಯರ್
ಇಷ್ಟಕ್ಕೆಲ್ಲ ಕಾರಣ ಸೀಲರ್ ಹಾಕಿಸದೇ ಇದ್ದದ್ದು. ನನ್ನ ಸೈಟ್‌ಗಳಲ್ಲಿ ಮಾರ್ಬಲ್ ಹಾಕಿದ ಕೂಡಲೇ ಸೀಲರ್ ಹಾಕಿಸುತ್ತೇನೆ. ಆಮೇಲೆ ನಿಂಬೆ, ಹುಣಸೆ, ಏನು ಬಿದ್ದರೂ ಚಿಂತೆ ಇಲ್ಲ.

ಫರಶಿ_ಮೇಸ್ತ್ರಿ_ಮಡಗಾಂವ್
ಠಾಣೆ ಸಾಹೇಬರೇ, ಇದನ್ನು ಒಪ್ಪಲಿಕ್ಕೆ ಆಗುವುದಿಲ್ಲರೀ. ನಾನು ಹತ್ತೊಂಬತ್ತು ವರ್ಷದಿಂದ ಗೋವಾದಲ್ಲಿ ಘಿಸಾಯಿ, ಅಂದರೆ ಕಲ್ಲು ಉಜ್ಜಿ ಸಮ ಮಾಡುವುದು, ಮತ್ತೆ ಪಾಲಿಶ್ ಕೆಲಸ ಮಾಡುತ್ತೇನೆ. ಸೀಲರ್ ಕಲ್ಲಿನ ತೂತಿನ ಒಳಗೆ ಕೂರುತ್ತದೆ. ಚಹಾ, ಎಣ್ಣೆ, ಅರಿಶಿನ ಒಳಗೆ ಇಳಿಯದ ಹಾಗೆ ತಡೆಯುತ್ತದೆ. ಆದರೆ ಕಲ್ಲಿನ ಮೈ ಮೇಲೆ ಬರಿಗಲ್ಲೇ ಇರುತ್ತದಲ್ಲ. ಆ್ಯಸಿಡ್ ಬಿದ್ದದ್ದು ಆ ಮೈ ಮೇಲೆ. ಸೀಲರ್ ಹಾಕಿದ ಹೊಸ ಇಟಾಲಿಯನ್ ಮಾರ್ಬಲ್ ಮೇಲೆ ನಿಂಬೆ ಹೋಳು ಇಟ್ಟು ಬೆಳಿಗ್ಗೆ ಬಿಳಿ ಚಕ್ರ ಬಿದ್ದದ್ದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಮನೆಯವರು ಸೀಲರ್ ಹಾಕಿದವನಿಗೆ ಬೈಯುತ್ತಾರೆ. ಅವನೂ ಮೊದಲೇ ಹೇಳಿರುವುದಿಲ್ಲ.

ಠಾಣೆ_ಇಂಟೀರಿಯರ್
ಕಂಪನಿಯವರೇ ಕಲೆ ನಿರೋಧಕ ಎಂದು ಬರೆದಿರುತ್ತಾರಲ್ಲ?

ಫರಶಿ_ಮೇಸ್ತ್ರಿ_ಮಡಗಾಂವ್
ಕಲೆ ನಿರೋಧಕ ಎಂದು ಬರೆದದ್ದು ಸರಿಯೇ ಇದೆ. ಆ್ಯಸಿಡ್ ನಿರೋಧಕ ಎಂದು ಬರೆದಿದ್ದಾರಾ, ಒಮ್ಮೆ ಓದಿ ನೋಡಿರಿ.

ಠಾಣೆ_ಇಂಟೀರಿಯರ್
ನೋಡಿದೆ. ಹಾಗೆ ಬರೆದಿಲ್ಲ. ನಿಮ್ಮ ಮಾತು ಒಪ್ಪಿದೆ, ಮುಂದೆ ಗಿರಾಕಿಗಳಿಗೆ ಬಿಡಿಸಿ ಹೇಳುತ್ತೇನೆ.

ಬೋರಿವಲಿ_ವೆಸ್ಟ್
ಇದೆಲ್ಲ ಸುಮ್ನೆ ಹೆದರಿಸುವುದು. ಮೂವತ್ತು ವರ್ಷದಿಂದ ಬಾತ್‌ರೂಮ್ ಆ್ಯಸಿಡ್‌ನಲ್ಲೇ ತೊಳೆಯುತ್ತಿದ್ದೇವೆ. ಏನೂ ಆಗಿಲ್ಲ.

ಕೋಥ್ರೂಡ್_ಮೇಷ್ಟ್ರು
ನಿಮ್ಮ ಬಾತ್‌ರೂಮ್‌ನಲ್ಲಿ ಸಿರಾಮಿಕ್ ಟೈಲ್ಸ್ ಇರಬೇಕು. ಅದರ ಮೇಲಿನ ಗಾಜಿನಂಥ ಪದರವನ್ನು ಈ ಆ್ಯಸಿಡ್ ತಿನ್ನುವುದಿಲ್ಲ. ಆದರೆ ಟೈಲ್ಸ್ ನಡುವಿನ ಸಂದು ಸಿಮೆಂಟಿನದು. ಅದನ್ನು ತಿನ್ನುತ್ತದೆ. ಸಂದಿಯಲ್ಲಿ ಉಗುರು ಹಾಕಿ ನೋಡಿ, ಎಷ್ಟು ಕೆಳಗೆ ಹೋಗಿದೆ ಎಂದು.

ಬೋರಿವಲಿ_ವೆಸ್ಟ್
ಸಂದು ಖಾಲಿ ಆಗಿರುವುದು ನಿಜ. ಕೆಳಗಿನ ಮನೆಯವರು ಸೀಲಿಂಗ್‌ನಲ್ಲಿ ತೇವ ಬರುತ್ತದೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದಾರೆ. ಪೈಪಿನದು ಅಂದುಕೊಂಡಿದ್ದೆ.

ಪಿಂಪ್ರಿ_ಹುಡುಗ
ಸಂದಿನ ವಿಷಯ ಬಂತಲ್ಲ, ನನ್ನದೂ ಕೇಳಿ. ಹೊಸ ಫ್ಲ್ಯಾಟ್, ಎಲ್ಲಾ ಕಡೆ ವಿಟ್ರಿಫೈಡ್ ಟೈಲ್ಸ್. ಕೀಲಿ ಕೊಡುವ ಮೊದಲು ಕಂಟ್ರಾಕ್ಟರ್‌ನ ಹುಡುಗರು ಸಿಮೆಂಟ್ ಕಲೆ ಹೋಗಲಿ ಎಂದು ನೀರು ಬೆರೆಸದ ಆ್ಯಸಿಡ್ ಸುರಿದು ಉಜ್ಜಿದ್ದಾರೆ. ಟೈಲ್ಸ್ ಚೆನ್ನಾಗಿವೆ. ಆದರೆ ಸಂದಿನ ಪುಡಿ ಪೊರಕೆಗೆ ಬರುತ್ತಿದೆ. ಹದಿನೈದು ದಿನದಲ್ಲಿ ಬಾತ್‌ರೂಮಿನ ನೀರಿನ ನಲ್ಲಿ, ಬಾಗಿಲ ಕೀಲು, ಚಿಲಕ ಎಲ್ಲದರ ಮೇಲೆ ಕಂದು ಚುಕ್ಕೆ ಎದ್ದಿವೆ. ನಲ್ಲಿಗೆ ಯಾರೂ ಆ್ಯಸಿಡ್ ಹಾಕಿಲ್ಲ, ಮತ್ತೆ ಹೇಗೆ?

ಫರಶಿ_ಮೇಸ್ತ್ರಿ_ಮಡಗಾಂವ್
ಹೊಗೆಯಿಂದ. ಆ್ಯಸಿಡ್ ಡಬ್ಬಿ ಬಿಚ್ಚಿದರೆ ಮೂಗಿಗೆ ಘಾಟು ಬರುತ್ತದಲ್ಲ, ಅದೇ ಹೋಗಿ ಲೋಹದ ಮೇಲೆ ಕೂರುತ್ತದೆ. ಸ್ಟೀಲ್ ಕೂಡ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಕಿಟಕಿ ಮುಚ್ಚಿ ತೊಳೆದಿದ್ದರೆ ಜಾಸ್ತಿ.

ತಮ್ಮಾ, ಸಂದಿನಲ್ಲಿ ಉಳಿದ ಪುಡಿ ಕೆರೆದು ತೆಗೆಸು. ಎರಡು ಮೂರು ಸಲ ಬರೀ ನೀರಿನಲ್ಲಿ ತೊಳೆದು ಪೂರ್ತಿ ಒಣಗಲು ಬಿಡು. ಆಮೇಲೆ ಎಪಾಕ್ಸಿ, ಅಂದರೆ ಕಲಸಿದ ಮೇಲೆ ಗಟ್ಟಿಯಾಗುವ ಅಂಟು, ತುಂಬಿಸು. ತುಟ್ಟಿ ಆಗುತ್ತದೆ, ಆದರೆ ಆ್ಯಸಿಡ್ ನೀರಿಗೆ ಸಿಮೆಂಟಿನ ಹಾಗೆ ಬೇಗ ಹೋಗುವುದಿಲ್ಲ. ಒಂದು ಎಚ್ಚರ. ತುಂಬಿದ ಕೂಡಲೇ ಟೈಲ್ಸ್ ಮೇಲೆ ಉಳಿದದ್ದನ್ನು ಸ್ಪಂಜಿನಲ್ಲಿ ಒರೆಸಿಸು. ಗಟ್ಟಿಯಾದ ಮೇಲೆ ಬಿಡಿಸುವುದು ಬಹಳ ಕಷ್ಟ.

ಠಾಣೆ_ಇಂಟೀರಿಯರ್
ಇದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ತುಕ್ಕು ತೆಗೆಯುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆ್ಯಸಿಡ್ ಇರುತ್ತದೆ. ಅದು ಗಾಜು, ವಿಟ್ರಿಫೈಡ್, ಗ್ರಾನೈಟ್ ಎಲ್ಲವನ್ನೂ ತಿನ್ನುತ್ತದೆ. ಚರ್ಮಕ್ಕೆ ಬಿದ್ದರೆ ತುಂಬಾ ಅಪಾಯ. ಮನೆಯೊಳಗೆ ತರಲೇಬೇಡಿ.

ಮಾಟುಂಗಾ_ಹೋಟೆಲ್
ಈ ಚರ್ಚೆ ನೋಡಿ ನನ್ನ ಅನುಭವ ಹೇಳಬೇಕು ಅನಿಸಿತು. ನಮ್ಮದು ತಂದೆಯ ಕಾಲದ ಹೋಟೆಲ್. ಅಡುಗೆಮನೆಗೆ ಕೋಟಾ ಕಲ್ಲು ಹಾಸಿದ್ದರು. ದಿನವೂ ಸಾಂಬಾರು, ಹುಣಸೆ ರಸ, ಮಜ್ಜಿಗೆ ಚೆಲ್ಲುತ್ತಲೇ ಇರುತ್ತದೆ. ಜಿಡ್ಡು ಹೋಗಲಿ ಎಂದು ರಾತ್ರಿ ಮುಚ್ಚುವಾಗ ಹುಡುಗರು ಆ್ಯಸಿಡ್ ಹಾಕಿ ತೊಳೆಯುತ್ತಿದ್ದರು. ತೊಳೆದಷ್ಟೂ ಕಲ್ಲು ಒರಟಾಯಿತು. ಒರಟಾದಷ್ಟೂ ಜಿಡ್ಡು ಜಾಸ್ತಿ ಹಿಡಿಯಿತು. ಜಿಡ್ಡು ಹಿಡಿಯಿತು ಎಂದು ಮತ್ತೆ ಆ್ಯಸಿಡ್. ಇಬ್ಬರು ಜಾರಿ ಬಿದ್ದ ಮೇಲೆ ಕಲ್ಲು ನೋಡುವವರನ್ನು ಕರೆಸಿದೆ. ಕೋಟಾ ಕೂಡ ಸುಣ್ಣದ ಕಲ್ಲೇ, ಜಿಡ್ಡಿಗೆ ಆ್ಯಸಿಡ್ ಅಲ್ಲ, ಸೋಪು ಮತ್ತು ಬಿಸಿನೀರು ಬೇಕು ಅಂದರು.

ಅದಕ್ಕಿಂತ ದೊಡ್ಡದು ಆ ವರ್ಷ ಮಳೆಗಾಲದಲ್ಲಿ ಆಯಿತು. ಹೊಸ ಹುಡುಗ, ಕಾರ್ಕಳದ ಕಡೆಯವನು. ಚರಂಡಿ ವಾಸನೆ ಬರುತ್ತದೆ ಎಂದು ಆ್ಯಸಿಡ್ ಹಾಕಿದ ಮೇಲೆ ಬ್ಲೀಚ್ ಕೂಡ ಸುರಿದ. ಹಸಿರು ಹಳದಿ ಹೊಗೆ ಎದ್ದಿತು. ನಾನು ಗಲ್ಲಾದಲ್ಲಿ ಇದ್ದವನು ಓಡಿ ಹೋದೆ. ಅವನು ಬಾಗಿಲಿಗೆ ಒರಗಿ ಎದೆ ಹಿಡಿದು ಕೆಮ್ಮುತ್ತಿದ್ದ. ಮಾತು ಬರುತ್ತಿರಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿ ಇದ್ದ. ಅವನ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದು ನಾನೇ. ಆ ಫೋನು ಇವತ್ತಿಗೂ ಮರೆತಿಲ್ಲ.

ಕೋಥ್ರೂಡ್_ಮೇಷ್ಟ್ರು
ಅದು ಕ್ಲೋರಿನ್ ಗ್ಯಾಸ್. ದಯವಿಟ್ಟು ಎಲ್ಲರೂ ಇದನ್ನು ನೆನಪಿಡಿ. ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚ್ ಒಂದೇ ದಿನ ಒಂದೇ ಜಾಗದಲ್ಲಿ ಬೇಡ. ಬ್ಲೀಚಿಂಗ್ ಪುಡಿಯೂ ಅಷ್ಟೇ. ಬ್ಲೀಚಿಗೆ ಅಮೋನಿಯಾ ಇರುವ ಕ್ಲೀನರ್ ಸೇರಿದರೂ ವಿಷದ ಹೊಗೆಯೇ. ನೆಲದ ಮಿಂಚು ಹೋದರೆ ಪಾಲಿಶ್ ಮಾಡಿಸಬಹುದು, ಶ್ವಾಸಕೋಶಕ್ಕೆ ಪಾಲಿಶ್ ಇಲ್ಲ.

ಡೊಂಬಿವಲಿ_ಅಕ್ಕ
ಅಷ್ಟು ಸುಲಭವಾಗಿ ಆ್ಯಸಿಡ್ ಸಿಗುವುದೇ ತಪ್ಪು ಅಲ್ವಾ? ನಮ್ಮ ಓಣಿಯ ಅಂಗಡಿಯಲ್ಲಿ ಹಳೆ ನೀರಿನ ಬಾಟಲಿಯಲ್ಲಿ ತುಂಬಿ ಕೊಡುತ್ತಾರೆ.

ಕೋಥ್ರೂಡ್_ಮೇಷ್ಟ್ರು
ಕೊಡುವ ಹಾಗಿಲ್ಲ. 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ್ಯಸಿಡ್ ದಾಳಿಯ ಪ್ರಕರಣದಲ್ಲಿ ಬಂದ ಆದೇಶ ಅದು. ಮಾರುವವರು ರಿಜಿಸ್ಟರ್ ಇಡಬೇಕು, ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು. ನೀರಿನ ಬಾಟಲಿಯಲ್ಲಿ ಮನೆಯೊಳಗೆ ಇಡುವುದಂತೂ ಮಕ್ಕಳಿರುವ ಕಡೆ ಬಹಳ ಭಯದ ವಿಷಯ.

ಮುಲುಂಡ್_ಮನೆ
ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ, ಮೇಸ್ತ್ರಿ ಅಣ್ಣಾ. ಬರೀ ತಟ್ಟೆಯಷ್ಟು ಜಾಗ ಮಾಡಿದರೆ ಆಗುತ್ತದಾ?

ಫರಶಿ_ಮೇಸ್ತ್ರಿ_ಮಡಗಾಂವ್
ಆಗುತ್ತದೆ ಅಕ್ಕಾ. ನಿನ್ನೆ ಒಂದು ಮನೆಯಲ್ಲಿ ಮೆಟ್ಟಿಲ ಕೆಲಸ ಇತ್ತು, ಅದಕ್ಕೆ ತಡ ಆಯಿತು.

ಮೊದಲು ಉಗುರಿನಿಂದ ಚೆನ್ನಾಗಿದ್ದ ಕಲ್ಲಿನಿಂದ ಮಂಕು ಜಾಗಕ್ಕೆ ಎಳೆದು ನೋಡಿರಿ. ಉಗುರು ಎಲ್ಲೂ ಸಿಗದೆ ಹೋದರೆ ಗಾಯ ಮೇಲೆ ಮೇಲೆ ಇದೆ. 400 ನಂಬರಿನ ಡೈಮಂಡ್ ಪ್ಯಾಡ್‌ನಿಂದ ಉಜ್ಜಲು ಶುರು ಮಾಡಬಹುದು. ನಂಬರು ಕಡಿಮೆ ಇದ್ದಷ್ಟೂ ಪ್ಯಾಡ್ ಒರಟು, ಹೆಚ್ಚಿದಷ್ಟೂ ನುಣುಪು. ಅಂಚಿನಲ್ಲಿ ಉಗುರು ತಡೆದರೆ 100 ಅಥವಾ 200ರಿಂದ ಹಿಡಿಯಬೇಕು. ಆಮೇಲೆ 400, 800, 1500, 3000. ನೀರು ಹಾಕುತ್ತಾ ಮಾಡಬೇಕು, ಒಣಗಿದ ಮೇಲೆ ಉಜ್ಜಬಾರದು. ಒಂದು ನಂಬರಿನ ಗೀರು ಪೂರ್ತಿ ಹೋಗುವ ತನಕ ಮುಂದಿನ ನಂಬರಿಗೆ ಹೋಗಬಾರದು. ಇಲ್ಲಿಯೇ ಎಲ್ಲರೂ ಅವಸರ ಮಾಡುವುದು. 400ರ ಗೀರು ಉಳಿದರೆ 3000 ಹಾಕಿದರೂ ಕಾಣುತ್ತದೆ. ಪ್ರತಿ ಸಲ ಬಿಳಿ ರಾಡಿ ಒರೆಸಿ, ಒಣಗಿಸಿ, ಓರೆಯಿಂದ ಬ್ಯಾಟರಿ ಬಿಟ್ಟು ನೋಡಬೇಕು. ಕೊನೆಗೆ ಮಾರ್ಬಲ್ ಪಾಲಿಶ್ ಪುಡಿ ಹಾಕಿ ಫೆಲ್ಟ್ ಪ್ಯಾಡ್‌ನಿಂದ ತಿಕ್ಕಬೇಕು.

ಮತ್ತೆ, ತಟ್ಟೆಯಷ್ಟೇ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ. ಸಂಜೆ ಕಿಟಕಿಯ ಬೆಳಕು ಬಿದ್ದರೆ ಕಾಣುತ್ತದೆ. ನಾನಾದರೆ ಆ ಒಂದು ಕಲ್ಲನ್ನು ಸಂದಿನಿಂದ ಸಂದಿನ ತನಕ ಪೂರ್ತಿ ಮಾಡುತ್ತೇನೆ. ಸಂದು ಇರುವುದರಿಂದ ಪಕ್ಕದ ಕಲ್ಲಿಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇದ್ದರೂ ಕಣ್ಣಿಗೆ ಹೊಡೆಯುವುದಿಲ್ಲ. ಕೈ ಮಷಿನ್ ಇಟ್ಟುಕೊಂಡವನು ಅರ್ಧ ದಿನದಲ್ಲಿ ಮುಗಿಸಬೇಕು. ಅರ್ಧ ದಿನದ ಕೂಲಿ, ಪ್ಯಾಡಿನ ಖರ್ಚು ಎಂದು ಮಾತಾಡಿರಿ. ಚದರಡಿ ಲೆಕ್ಕಕ್ಕೆ ಒಪ್ಪಬೇಡಿ.

ಪಿಂಪ್ರಿ_ಹುಡುಗ
ಆನ್‌ಲೈನ್‌ನಲ್ಲಿ ಸ್ಟೀಲ್ ವೂಲ್ (ನವಿರಾದ ಉಕ್ಕಿನ ತಂತಿಯ ಉಂಡೆ) ಮತ್ತು ಯಾವುದೋ ದ್ರವ ಹಾಕಿ ಹತ್ತು ನಿಮಿಷದಲ್ಲಿ ಕನ್ನಡಿ ಮಾಡುವ ವಿಡಿಯೊ ಇದೆ. ಅದು ಆಗುವುದಿಲ್ಲವಾ?

ಫರಶಿ_ಮೇಸ್ತ್ರಿ_ಮಡಗಾಂವ್
ಅದು ಕ್ರಿಸ್ಟಲೈಸೇಶನ್. ಸಮ ಇರುವ ನೆಲಕ್ಕೆ ಹೊಳಪು ಕೊಡುತ್ತದೆ. ಗಾಯ ತುಂಬುವುದಿಲ್ಲ. ಮತ್ತೆ ಆ ತಂತಿಯ ಚೂರು ಸಂದಿನಲ್ಲಿ ಉಳಿದರೆ ಮಳೆಗಾಲದಲ್ಲಿ ತುಕ್ಕು ಬಿಡುತ್ತದೆ. ಅಕ್ಕನಿಗೆ ಈಗಾಗಲೇ ತುಕ್ಕಿನ ಕಾಟ ಇದೆ.

ಕೋಥ್ರೂಡ್_ಮೇಷ್ಟ್ರು
ಹಳೆ ಕಾಲದ ಪಾಲಿಶ್‌ನವರು ಕೊನೆಗೆ ಬಿಳಿ ಪುಡಿ ಹಾಕುತ್ತಿದ್ದರಲ್ಲ, ಅದು ಆಕ್ಸಾಲಿಕ್ ಆ್ಯಸಿಡ್. ಅದು ಕಲ್ಲಿನ ಕ್ಯಾಲ್ಸಿಯಂ ಜತೆ ಸೇರಿ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ. ನೀರಿನಲ್ಲಿ ಕರಗದ ತೆಳು ಪದರ. ಆದರೆ ಅದು ವಿಷ. ಬರಿಗೈಯಲ್ಲಿ ಮುಟ್ಟಬಾರದು. ಕೆಲಸ ಮುಗಿದ ಮೇಲೆ ನೆಲ ಚೆನ್ನಾಗಿ ತೊಳೆಯಬೇಕು, ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇನ್ನೂ ಜಾಸ್ತಿ ಜಾಗ್ರತೆ.

ವಾಸ್ಕೋ_ಬಂದರು
ನಮ್ಮದು ಬೇರೆ ಕಥೆ. ವಾಸ್ಕೋದಲ್ಲಿ ಹಳೆ ಬಾಡಿಗೆ ಮನೆ, ನೆಲ ಕೆಂಪು ಗಾರೆಯದು. ಊರು ಕುಮಟಾ, ಅಲ್ಲಿಯೂ ಅಜ್ಜನ ಮನೆ ಇದೇ ನೆಲ. ಹಾಗಾಗಿ ಈ ಮನೆ ನೋಡಿದ ಕೂಡಲೇ ಒಪ್ಪಿಕೊಂಡೆ. ಈಗ ಗೋಡೆ ಪಕ್ಕದಲ್ಲಿ ಉದ್ದಕ್ಕೆ ಬಿಳಿ ಬಿಳಿ ಬಂದಿದೆ. ಫಿನಾಯಿಲ್‌ನಿಂದ ಆದದ್ದು ಅನ್ನುತ್ತಾಳೆ ಹೆಂಡತಿ. ಆ್ಯಸಿಡ್ ಹಾಕಿ ತೊಳೆದರೆ ಹೋಗುತ್ತದೆ ಅನ್ನುತ್ತಾನೆ ಮಾಲೀಕ.

ಫರಶಿ_ಮೇಸ್ತ್ರಿ_ಮಡಗಾಂವ್
ಮಾಲೀಕನ ಮಾತು ಕೇಳಬೇಡಿ. ಗಾರೆ ಅಂದರೆ ಸಿಮೆಂಟೋ ಸುಣ್ಣವೋ, ಅದಕ್ಕೆ ಕೆಂಪು ಆಕ್ಸೈಡ್. ಆ್ಯಸಿಡ್ ಹಾಕಿದರೆ ಮೇಲಿನ ನುಣುಪು ಹೋಗಿ ಮರಳು ಕಾಣುತ್ತದೆ. ಆಮೇಲೆ ಅದನ್ನು ಮೊದಲಿನ ಹಾಗೆ ಮಾಡುವ ಕೈಗಳು ಈಗ ಸಿಗುವುದು ಕಷ್ಟ. ಗೋಡೆ ಪಕ್ಕ ಮಾತ್ರ ಬಂದಿದೆ ಅಂದರೆ ಫಿನಾಯಿಲ್ ಅಲ್ಲ. ನೆಲದಿಂದ ತೇವ ಏರಿ ಉಪ್ಪು ಹೊರಗೆ ಬಂದದ್ದು. ಬೆರಳಲ್ಲಿ ಒರೆಸಿದರೆ ಪುಡಿ ಹತ್ತುತ್ತದಾ?

ವಾಸ್ಕೋ_ಬಂದರು
ಹತ್ತುತ್ತದೆ. ಸುಣ್ಣದ ಹಾಗೆ.

ಫರಶಿ_ಮೇಸ್ತ್ರಿ_ಮಡಗಾಂವ್
ಹಾಗಾದರೆ ಒಣ ಬ್ರಶ್‌ನಲ್ಲಿ ಗುಡಿಸಿ ತೆಗೆಯಿರಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಹೊರಗಿನ ಚರಂಡಿ ಗೋಡೆಗೆ ತಾಗಿ ನಿಂತಿದೆಯಾ ನೋಡಿ. ತೇವ ನಿಲ್ಲದೆ ಇದು ನಿಲ್ಲುವುದಿಲ್ಲ.

ಬೋರಿವಲಿ_ವೆಸ್ಟ್
ಕೆಂಪು ಗಾರೆ ಅಂದ ಕೂಡಲೇ ನೆನಪಾಯಿತು. ನಮ್ಮ ಅಜ್ಜಿ ಮಧ್ಯಾಹ್ನ ತೆಂಗಿನೆಣ್ಣೆಯಲ್ಲಿ ಬಟ್ಟೆ ಅದ್ದಿ ನೆಲ ಒರೆಸುತ್ತಿದ್ದರು. ಬೇಸಿಗೆಯಲ್ಲಿ ಅಲ್ಲೇ ಚಾಪೆ ಇಲ್ಲದೆ ಮಲಗುತ್ತಿದ್ದೆವು. ಬೆನ್ನಿಗೆ ಆ ತಂಪು!

ಗಿರ್ಗಾಂವ್_ಚಾಳು
ನಮ್ಮ ಚಾಳಿನಲ್ಲಿ ಹೂವಿನ ಚಿತ್ರದ ಸಿಮೆಂಟ್ ಟೈಲ್ಸ್ ಇವೆ. ಈ ನಮೂನೆಯ ಟೈಲ್ಸ್ ಮಾಡುವ ಭಾರತ್ ಫ್ಲೋರಿಂಗ್ಸ್ ಮುಂಬೈಯಲ್ಲಿ ಶುರುವಾದದ್ದು 1922ರಲ್ಲಿ, ಸ್ವದೇಶಿ ಚಳವಳಿಯ ಕಾಲ. ನಮ್ಮದು ಅವರದೋ ಬೇರೆಯವರದೋ, ಹಳೆಯದಂತೂ ಹೌದು. ಬಾಗಿಲ ಹತ್ತಿರದ ನಾಲ್ಕು ಟೈಲ್ಸ್ ಆ್ಯಸಿಡ್‌ನಿಂದ ಬಿಳಿಚಿವೆ. ಮಾರ್ಬಲ್ ಹಾಗೆ ಘಿಸಾಯಿ ಮಾಡಿಸಬಹುದಾ?

ಫರಶಿ_ಮೇಸ್ತ್ರಿ_ಮಡಗಾಂವ್
ತುಂಬಾ ಹಗುರ ಕೈಯಲ್ಲಿ. ಆ ಟೈಲ್ಸ್‌ನಲ್ಲಿ ಬಣ್ಣದ ಪದರ ಮೇಲಿನ ಕೆಲವು ಮಿಲಿಮೀಟರ್ ಮಾತ್ರ. ದೊಡ್ಡ ಮಷಿನ್ ತಂದು ಒರಟು ಕಲ್ಲು ಹಚ್ಚಿದರೆ ಹೂವೇ ಹೋಗಿಬಿಡುತ್ತದೆ. 400ರಿಂದ ಕೆಳಗೆ ಹೋಗಬೇಡಿ. ಮೊದಲು ಕಪಾಟಿನ ಕೆಳಗಿನ ಒಂದು ಟೈಲ್ ಮೇಲೆ ಮಾಡಿಸಿ ನೋಡಿ.

ಕೋಥ್ರೂಡ್_ಮೇಷ್ಟ್ರು
ಪುಣೆಯ ಹಳೆ ವಾಡೆಗಳಲ್ಲಿ ಶಹಾಬಾದಿ ಫರಶಿ, ಅಂದರೆ ನೆಲದ ಹಾಸುಗಲ್ಲು, ನೋಡಿರಬೇಕು ಎಲ್ಲರೂ. ಇಲ್ಲಿನವರು ತಮ್ಮದೇ ಎಂಬಂತೆ ಮಾತಾಡುತ್ತಾರೆ. ಅದು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು. ಅದೂ ಸುಣ್ಣದ ಕಲ್ಲೇ. ಮುಂಬೈಯ ಹಳೆ ಅಡುಗೆಕಟ್ಟೆಯ ಕಪ್ಪು ಕಡಪಾ ಕಲ್ಲು ಕೂಡ ಹಾಗೆಯೇ, ಅದಕ್ಕೇ ನಿಂಬೆ ಬಿದ್ದಲ್ಲಿ ಬೂದಿ ಬಣ್ಣದ ಚುಕ್ಕೆ.

ಫರಶಿ_ಮೇಸ್ತ್ರಿ_ಮಡಗಾಂವ್
ಮಾಸ್ತರೇ, ಶಹಾಬಾದ್ ಹೆಸರು ತೆಗೆದು ಒಳ್ಳೆಯದು ಮಾಡಿದಿರಿ. ನನ್ನ ಅಪ್ಪ ಅಲ್ಲೇ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಉಳಿ ಇಟ್ಟು ಎರಡು ಪೆಟ್ಟು ಹಾಕಿ ಕಿವಿ ಕೊಟ್ಟು ಕೇಳುತ್ತಿದ್ದ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ಸೀಳು. ಯಾರದೋ ಮನೆಯಲ್ಲಿ ಆ ಕಲ್ಲಿಗೆ ಆ್ಯಸಿಡ್ ಹಾಕಿದ್ದು ಕಂಡರೆ ನನಗೆ ಸಂಕಟ ಆಗುತ್ತದೆ.

ಡೊಂಬಿವಲಿ_ಅಕ್ಕ
ದೇವರ ಮನೆ ವಿಷಯ ಯಾರೂ ಎತ್ತಲಿಲ್ಲ. ನಾನು ಶುಕ್ರವಾರ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆ. ಮಾರ್ಬಲ್ ಮೇಲೆ ಸಾಲಾಗಿ ಐದು ಉಂಗುರ ಬಿದ್ದಿವೆ. ಎಣ್ಣೆ ಕಲೆ ಅಂದುಕೊಂಡಿದ್ದೆ. ಈಗ ಗೊತ್ತಾಯಿತು, ನಿಂಬೆಯದು! ಜತೆಗೆ ಅರಿಶಿನ, ಕುಂಕುಮದ ಕಲೆಯೂ ಇದೆ.

ಕೋಥ್ರೂಡ್_ಮೇಷ್ಟ್ರು
ದೀಪದ ಕೆಳಗೆ ಹಿತ್ತಾಳೆಯದೋ ಸ್ಟೀಲಿನದೋ ತಟ್ಟೆ ಇಡಿ, ಅಷ್ಟೇ. ಪಂಚಾಮೃತದ ಮೊಸರೂ ಹುಳಿಯೇ, ಚೆಲ್ಲಿದರೆ ಕೂಡಲೇ ಒತ್ತಿ ತೆಗೆಯಿರಿ.

ಅರಿಶಿನ, ಕುಂಕುಮಕ್ಕೆ ಲೇಪ ಹಾಕಬಹುದು. ಮುಲ್ತಾನಿ ಮಿಟ್ಟಿ ಅಥವಾ ಟಾಲ್ಕಮ್ ಪುಡಿಯನ್ನು ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಅರ್ಧ ಬೆರಳು ದಪ್ಪ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಒಣಗಲು ಬಿಟ್ಟು ಮರದ ಚಮಚದಲ್ಲಿ ಎತ್ತಿ. ಒಣಗುವಾಗ ಅದು ಕಲೆಯನ್ನು ಒಳಗಿಂದ ಎಳೆದುಕೊಳ್ಳುತ್ತದೆ. ತಾಜ್‌ಮಹಲಿಗೆ ಪುರಾತತ್ವ ಇಲಾಖೆಯವರು ಹಚ್ಚುವ ಮುಲ್ತಾನಿ ಮಿಟ್ಟಿಯ ಲೇಪವೂ ಇದೇ ತತ್ವದ್ದು. ಅದೂ ಮಕ್ರಾನಾ ಕಲ್ಲೇ, ಮುಲುಂಡ್ ಮೇಡಂ, ನಿಮ್ಮ ಮಾವನವರು ಹಾಕಿಸಿದ್ದರ ಹಾಗೆ.

ಒಮ್ಮೆಗೆ ಹೋಗದಿದ್ದರೆ ಇನ್ನೊಮ್ಮೆ ಹಾಕಿ. ಬಣ್ಣದ ಕಲ್ಲಾದರೆ ಮೊದಲು ಮೂಲೆಯಲ್ಲಿ ನೋಡಿ.

ಡೊಂಬಿವಲಿ_ಅಕ್ಕ
ಇನ್ನೊಂದು ಮಾತು. ಇಂಥದ್ದು ಆದರೆ ಮೊದಲು ಬೈಗುಳ ಬೀಳುವುದು ಮನೆಗೆಲಸದವಳಿಗೆ, ಇಲ್ಲಿ ಬಾಯಿ ಅನ್ನುತ್ತಾರಲ್ಲ, ಅವಳಿಗೆ. ನಮ್ಮ ಬಾಯಿ ಐದು ಮನೆ ಮಾಡುತ್ತಾಳೆ. ಐದು ಮನೆಯಲ್ಲಿ ಐದು ಥರದ ಬಾಟಲಿ, ಎಲ್ಲದರ ಮೇಲೂ ಇಂಗ್ಲಿಷ್. ಅವಳಿಗೆ ಹೇಗೆ ಗೊತ್ತಾಗಬೇಕು? ನಾನು ಆ್ಯಸಿಡ್ ಇರುವ ಬಾಟಲಿಗೆ ಕೆಂಪು ಟೇಪ್ ಸುತ್ತಿ ಸಂಡಾಸಿನಲ್ಲೇ ಇಟ್ಟಿದ್ದೇನೆ. ನೆಲದ್ದಕ್ಕೆ ಹಸಿರು ಟೇಪ್. ಅವಳೇ ಬೇರೆ ಮನೆಗಳಲ್ಲೂ ಹೀಗೆ ಮಾಡಿಸಿದಳು. ಕೈಗವಸು ಕೊಟ್ಟ ಮೇಲೆ ಅವಳ ಬೆರಳ ಸಂದಿನ ಬಿರುಕೂ ಕಡಿಮೆ ಆಗಿದೆ.

ಮುಲುಂಡ್_ಮನೆ
ಅಕ್ಕಾ, ನಮ್ಮ ಅತ್ತೆ ಮೊದಲು ಬಾಯಿಯನ್ನೇ ಕೇಳಿದರು. ನಾನೇ ಮಾಡಿದ್ದು ಎಂದು ಅವಳ ಎದುರಿಗೇ ಹೇಳಿದೆ. ಹಾಗಾದರೆ ದಿನಾ ನೆಲ ಒರೆಸಲು ಏನು ಹಾಕಬೇಕು?

ಕೋಥ್ರೂಡ್_ಮೇಷ್ಟ್ರು
ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಪಿಎಚ್ ಕಾಗದ ಸಿಗುತ್ತದೆ, ಹುಳಿಯೋ ಕ್ಷಾರವೋ ಎಂದು ತೋರಿಸುವುದು. 7ಕ್ಕಿಂತ ಕಡಿಮೆ ಆದರೆ ಹುಳಿ, ಜಾಸ್ತಿ ಆದರೆ ಕ್ಷಾರ. ನೆಲ ಒರೆಸುವ ದ್ರವದಲ್ಲಿ ಅದ್ದಿ ನೋಡಿ, 7ರ ಹತ್ತಿರ ಬಂದರೆ ಕಲ್ಲಿಗೆ ಒಳ್ಳೆಯದು. ನಿಂಬೆರಸ ಸುಮಾರು 2, ಮೊಸರು 4ರಿಂದ 5ರ ನಡುವೆ, ವಾಷಿಂಗ್ ಸೋಡಾ ನೀರು ಸುಮಾರು 11. ತೀರಾ ಆ ಕಡೆಯೂ ಬೇಡ, ತೀರಾ ಈ ಕಡೆಯೂ ಬೇಡ. ಒಂದು ಬಕೆಟ್ ನೀರಿಗೆ ಸೌಮ್ಯವಾದ ಪಾತ್ರೆ ತೊಳೆಯುವ ದ್ರವ ಅರ್ಧ ಚಮಚ ಸಾಕು. ಆಮೇಲೆ ಬರೀ ನೀರಿನಲ್ಲಿ ಒಮ್ಮೆ ಒರೆಸಬೇಕು, ಇಲ್ಲದಿದ್ದರೆ ಸೋಪಿನ ಪದರ ನಿಂತು ಅದೇ ಮಂಕಾಗಿ ಕಾಣುತ್ತದೆ.

ಠಾಣೆ_ಇಂಟೀರಿಯರ್
ವಿನೈಲ್ ನೆಲ ಇರುವವರಿಗೆ ಒಂದು ಮಾತು. ರಬ್ಬರ್ ತಳದ ಕಾಲೊರೆಸು ಹಾಕಬೇಡಿ. ರಬ್ಬರಿನ ರಾಸಾಯನಿಕ ಇಳಿದು ಹಳದಿ ಕಲೆ ಬೀಳುತ್ತದೆ, ಅದು ಹೋಗುವುದಿಲ್ಲ. ಮರದ ನೆಲಕ್ಕೆ ಸ್ಯಾನಿಟೈಸರ್, ಉಗುರು ಬಣ್ಣ ತೆಗೆಯುವ ದ್ರವ ಬಿದ್ದರೆ ಪಾಲಿಶ್ ಎದ್ದುಬರಬಹುದು.

ಮುಲುಂಡ್_ಮನೆ
ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಭಾಂಡೂಪ್‌ನಿಂದ ಒಬ್ಬರು ಬಂದಿದ್ದರು, ಕೈ ಮಷಿನ್‌ನವರು. ಮೇಸ್ತ್ರಿ ಅಣ್ಣ ಹೇಳಿದ ನಂಬರುಗಳನ್ನು ಚೀಟಿಯಲ್ಲಿ ಬರೆದು ಇಟ್ಟುಕೊಂಡಿದ್ದೆ. 800 ಆದ ಕೂಡಲೇ ಅವರು ಪುಡಿ ಹಾಕಲು ಹೊರಟರು. ನಾನು ಬ್ಯಾಟರಿ ಹಿಡಿದು ಓರೆಯಿಂದ ತೋರಿಸಿದೆ, ಗೀರು ಕಾಣುತ್ತಿತ್ತು. ಅವರೂ ಬಗ್ಗಿ ನೋಡಿದರು. ಮಾತಾಡದೆ 1500 ತೆಗೆದರು. ಸಂದಿನಿಂದ ಸಂದಿಗೆ ಒಂದು ಕಲ್ಲು ಪೂರ್ತಿ ಮಾಡಿಸಿದೆ. 1,200 ರೂಪಾಯಿ ಆಯಿತು. ರಾಡಿಯನ್ನು ಮೋರಿಗೆ ಬಿಡದೆ ಬಕೆಟ್‌ನಲ್ಲಿ ತುಂಬಿ ಕೊಂಡುಹೋದರು.

ಮಂಕು ಹೋಗಿದೆ. ಅಂಗೈ ಇಟ್ಟರೆ ಪಕ್ಕದ ಕಲ್ಲಿಗಿಂತಲೂ ನುಣುಪು. ತುಕ್ಕಿನ ಬಳೆ ಇನ್ನೂ ತೆಳುವಾಗಿ ಉಳಿದಿದೆ, ಬೆಳಿಗ್ಗೆಯ ಬೆಳಕಿನಲ್ಲಿ ಮಾತ್ರ ಕಾಣುತ್ತದೆ. ಸಿಲಿಂಡರ್ ಕೆಳಗೆ ಪ್ಲಾಸ್ಟಿಕ್ ಸ್ಟ್ಯಾಂಡ್ ತಂದಿದ್ದೇನೆ. ಮೇಸ್ತ್ರಿ ಅಣ್ಣಾ, ಉಳಿದ ತುಕ್ಕಿಗೆ ಪೆರಾಕ್ಸೈಡ್ ಲೇಪ ಹಾಕಲಾ?

ಫರಶಿ_ಮೇಸ್ತ್ರಿ_ಮಡಗಾಂವ್
ಬೇಡ ಅಕ್ಕಾ. ಪೆರಾಕ್ಸೈಡ್ ಅರಿಶಿನದಂಥ ಕಲೆಗೆ, ತುಕ್ಕಿಗೆ ಅಲ್ಲ. ತುಕ್ಕಿಗೆ ಬೇರೆ ಲೇಪ ಬರುತ್ತದೆ. ಮಾರ್ಬಲ್‌ಗೆ ಆಗುವ, ಆ್ಯಸಿಡ್ ಇಲ್ಲದ್ದು ಎಂದು ಬರೆದಿರುವುದನ್ನೇ ಕೇಳಿ ತರಬೇಕು. ಹಬ್ಬ ಕಳೆಯಲಿ. ಈಗ ತಾನೇ ಪಾಲಿಶ್ ಆದ ಕಲ್ಲು, ಒಂದು ತಿಂಗಳು ಬರೀ ನೀರಿನಲ್ಲಿ ಒರೆಸಿರಿ.

ಡೊಂಬಿವಲಿ_ಅಕ್ಕ
ಆ ಭಾಂಡೂಪ್‌ನವರ ನಂಬರ್ ನನಗೆ ಬೇಕು. ದೇವರ ಮನೆಯ ಐದು ಉಂಗುರ ಇದೆ.

ಮುಲುಂಡ್_ಮನೆ
ಮೆಸೇಜ್ ಮಾಡಿದ್ದೇನೆ ಅಕ್ಕಾ. ಬ್ಯಾಟರಿ ಕೈಯಲ್ಲಿ ಇಟ್ಟುಕೊಂಡಿರಿ.